ಸಣ್ಣ ಉದ್ಯಮದ ಸಾಲ, ಲಂಚ, ಮೋಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿದವನು. ಈಗ ನಿವೃತ್ತನಾಗಿ ಊರಲ್ಲಿದ್ದೇನೆ. ಟೈಲರ್‌ಗಳು, ಬೇಕರಿಯವರು, ವೆಲ್ಡಿಂಗ್ ಶಾಪಿನ ಹುಡುಗರು, ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಸಾಲದ ಕಾಗದ ಹಿಡಿದು ಬರುತ್ತಾರೆ. ದೂರದ ಊರಿನಿಂದ ಬರೆದು ಕೇಳುವವರೂ ಇದ್ದಾರೆ. ಊರು ಬೇರೆಯಾದರೂ ಪ್ರಶ್ನೆಗಳು ಅವೇ. ಅವರ ಮಾತಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ. ನಿಮಗೆ ಬೇಕಾದದ್ದನ್ನು ಮಾತ್ರ ಓದಿದರೂ ಸಾಕು.

## ಅರ್ಜಿ ಹಾಕುವ ಮೊದಲು

ಮುದ್ರಾ ಲೋನಿಗೆ ಏಜೆಂಟ್ ಬೇಕೇ ಬೇಕಾ? ಅವರಿಲ್ಲದೆ ಫೈಲ್ ಮುಂದಕ್ಕೆ ಹೋಗಲ್ಲ ಅಂತಾರಲ್ಲ?

ಬೇಡ. ಮುದ್ರಾ ಅಂದರೆ ಸಣ್ಣ ಉದ್ಯಮಗಳಿಗೆ ಸಾಲ ಸಿಗಲಿ ಅಂತ ಕೇಂದ್ರ ಸರ್ಕಾರ ತಂದ ಯೋಜನೆ. ಅದನ್ನು ನೋಡಿಕೊಳ್ಳುವ ಮುದ್ರಾ ಸಂಸ್ಥೆ ಯಾರನ್ನೂ ಏಜೆಂಟ್ ಅಂತ ನೇಮಿಸಿಲ್ಲ. ಅದು ಜನರಿಗೆ ನೇರವಾಗಿ ಸಾಲವನ್ನೂ ಕೊಡುವುದಿಲ್ಲ. ಸಾಲ ಕೊಡುವುದು ಬ್ಯಾಂಕು, ಗ್ರಾಮೀಣ ಬ್ಯಾಂಕು, ಮೈಕ್ರೋಫೈನಾನ್ಸ್ ಕಂಪನಿಗಳು. 2015ರ ಏಪ್ರಿಲ್‌ನಲ್ಲಿ ಯೋಜನೆ ಶುರುವಾದಾಗಿನಿಂದಲೂ ಹೀಗೇ ಇದೆ. 50,000 ರೂಪಾಯಿವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ತರುಣ್ ಸಾಲ ಸರಿಯಾಗಿ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗೂ ಸಿಗುತ್ತದೆ.

ಅರ್ಜಿಯನ್ನು ಶಾಖೆಯಲ್ಲೇ ಕೊಡಬಹುದು, ಸರ್ಕಾರಿ ಸಾಲ ಯೋಜನೆಗಳ ವೆಬ್‌ಸೈಟ್ ಆದ ಜನಸಮರ್ಥ ಪೋರ್ಟಲ್‌ನಲ್ಲೂ ಹಾಕಬಹುದು. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಗೆ ಒಂದು ರೂಪಾಯಿಯೂ ಇಲ್ಲ. ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ.

ಅರ್ಜಿ ಬರೆಯಲು, ಪ್ರಾಜೆಕ್ಟ್ ರಿಪೋರ್ಟ್ ಮಾಡಲು ಒಬ್ಬರ ಸಹಾಯ ಪಡೆದು ಕೂಲಿ ಕೊಟ್ಟರೆ ತಪ್ಪೇನಿಲ್ಲ. ಆಡಿಟರ್‌ಗೆ ಫೀಸ್ ಕೊಟ್ಟು ರಸೀದಿ ತೆಗೆದುಕೊಳ್ಳುತ್ತೀರಿ, ಹಾಗೆ. ಆದರೆ "ಸ್ಯಾಂಕ್ಷನ್ ಆದರೆ ಇಷ್ಟು ಪರ್ಸೆಂಟ್" ಅಂದರೆ ಅದು ಬರವಣಿಗೆಯ ಕೂಲಿ ಅಲ್ಲ. ಅದರಲ್ಲಿ ಇನ್ನೊಬ್ಬರ ಪಾಲು ಇದೆ ಅಂತಲೇ ತಿಳಿಯಿರಿ.

ಬ್ಯಾಂಕಿಗೆ ಕಟ್ಟೋ ಫೀಸ್ ಯಾವುದು, ಲಂಚ ಯಾವುದು? ಗೊತ್ತಾಗೋದು ಹೇಗೆ?

ಫೀಸ್ ನಿಮ್ಮ ಖಾತೆಯಿಂದ ಕಡಿತವಾಗುತ್ತದೆ. ಸ್ಟೇಟ್‌ಮೆಂಟ್‌ನಲ್ಲಿ ಕಾಣುತ್ತದೆ. ಪ್ರೊಸೆಸಿಂಗ್ ಚಾರ್ಜ್, ಜಿಎಸ್‌ಟಿ, ಸ್ಟಾಂಪ್ ಡ್ಯೂಟಿ, ಗ್ಯಾರಂಟಿ ಫೀಸ್ ಎಲ್ಲ ಈ ಸಾಲಿಗೆ ಸೇರುತ್ತವೆ. ಕೈಯಲ್ಲಿ ನಗದಾಗಿ ಕೇಳಿದ್ದು, ಇನ್ಯಾರದೋ ಫೋನ್‌ಪೇ ನಂಬರಿಗೆ ಹಾಕಿ ಅಂದದ್ದು ಫೀಸ್ ಅಲ್ಲ.

2024ರ ಅಕ್ಟೋಬರ್ 1ರಿಂದ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮ) ಟರ್ಮ್ ಲೋನ್‌ಗಳಿಗೆ, ಅಂದರೆ ಇಷ್ಟು ಅವಧಿ ಅಂತ ಕಂತಿನಲ್ಲಿ ತೀರಿಸುವ ಸಾಲಗಳಿಗೆ, 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಅನ್ನುವ ಹಾಳೆ ಕೊಡುವುದು ಕಡ್ಡಾಯ. ಬಡ್ಡಿ ಎಷ್ಟು, ಚಾರ್ಜ್ ಎಷ್ಟು, ಎಲ್ಲ ಸೇರಿ ವರ್ಷಕ್ಕೆ ಎಷ್ಟು ಪರ್ಸೆಂಟ್ ಬೀಳುತ್ತದೆ ಅಂತ ಅದರಲ್ಲಿ ಇರಬೇಕು. ಅದರಲ್ಲಿ ಬರೆಯದ ಚಾರ್ಜನ್ನು ನಿಮ್ಮ ಒಪ್ಪಿಗೆ ಇಲ್ಲದೆ ಹಾಕುವ ಹಾಗಿಲ್ಲ. ಸಹಿ ಹಾಕುವ ಮೊದಲು ಈ ಹಾಳೆ ಕೇಳಿ ತೆಗೆದುಕೊಳ್ಳಿ.

ಆರು ಲಕ್ಷದ ಲೋನಿಗೆ ಮನೆ ಪತ್ರ ಇಡಿ ಅಂತಿದ್ದಾರೆ. ಸರಿನಾ?

ಸರಿಯಲ್ಲ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಕೊಡುವ ಸಾಲ 10 ಲಕ್ಷದ ಒಳಗಿದ್ದರೆ ಅಡಮಾನ ಕೇಳಬಾರದು ಅಂತ ಆರ್‌ಬಿಐ 2010ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಸಾಲ ಮುಳುಗಿದರೆ ಬ್ಯಾಂಕಿಗೆ ಆಸರೆಯಾಗಲಿ ಅಂತಲೇ ಸರ್ಕಾರದ ಗ್ಯಾರಂಟಿ ನಿಧಿಗಳಿವೆ. ಅದರಲ್ಲೊಂದಾದ ಸಿಜಿಟಿಎಂಎಸ್‌ಇ 2000ನೇ ಇಸವಿಯಿಂದ ಇದೆ. ಮುದ್ರಾ ಸಾಲಕ್ಕೆ ಬೇರೆಯೇ ನಿಧಿ ಇದೆ.

ಸಾಲದ ದುಡ್ಡಲ್ಲಿ ಕೊಂಡ ಮೆಷಿನ್ ಮತ್ತು ಸ್ಟಾಕಿನ ಮೇಲೆ ಬ್ಯಾಂಕಿಗೆ ಹಕ್ಕು ಬರೆದುಕೊಡುವುದು ಬೇರೆ ವಿಷಯ. ಅದು ಇದ್ದೇ ಇರುತ್ತದೆ.

ಎಷ್ಟೋ ಕಡೆ ಈ ನಿಯಮ ಗೊತ್ತಿಲ್ಲದವರ ಮುಂದೆ ಮೊದಲು ಮನೆ ಪತ್ರ ಕೇಳುತ್ತಾರೆ. ಅವರು ಹೆದರಿದ ಮೇಲೆ "ಪತ್ರ ಬೇಡ, ಸ್ವಲ್ಪ ಖರ್ಚು ಆಗುತ್ತೆ" ಅನ್ನುತ್ತಾರೆ. ನಿಮಗೆ ಕಾನೂನಾಗಿ ಸಿಗಬೇಕಾದ್ದನ್ನೇ ನಿಮಗೆ ಮಾರುವ ವ್ಯಾಪಾರ ಇದು. ಅಡಮಾನ ಬೇಕು ಅನ್ನುವುದನ್ನು ಬರೆದು ಕೊಡಿ ಅಂತ ಕೇಳಿ.

ಇನ್ಶೂರೆನ್ಸ್ ಪಾಲಿಸಿ ಮಾಡಿಸಿದ್ರೆ ಮಾತ್ರ ಲೋನ್ ಅಂತಾರೆ. ಮಾಡಿಸ್ಬೇಕಾ?

ಅಂಗಡಿಯ ಸ್ಟಾಕ್, ಮೆಷಿನ್‌ಗೆ ವಿಮೆ ಕೇಳುವುದು ನ್ಯಾಯ. ಅದನ್ನು ಯಾವ ಕಂಪನಿಯಲ್ಲಿ ಮಾಡಿಸಬೇಕು ಅನ್ನುವುದು ನಿಮ್ಮ ಇಷ್ಟ. ಸಾಲದ ಜೊತೆ ಜೀವ ವಿಮೆ ಪಾಲಿಸಿ ಕಟ್ಟುವುದು ಕಡ್ಡಾಯವಲ್ಲ.

ವಾಟ್ಸಾಪಲ್ಲಿ ಮುದ್ರಾ ಅಪ್ರೂವಲ್ ಲೆಟರ್ ಬಂದಿದೆ. ಫೈಲ್ ಚಾರ್ಜ್ ಕಟ್ಟಿ ಅಂತಿದ್ದಾರೆ. ಕಟ್ಲಾ?

ಕಟ್ಟಬೇಡಿ. ಲೆಟರ್ ಮೇಲೆ ಸಿಂಹದ ಲಾಂಛನ, ಸೀಲು, ಸಹಿ ಎಲ್ಲ ಇರುತ್ತದೆ. ಮೊದಲು ಫೈಲ್ ಚಾರ್ಜ್, ಆಮೇಲೆ ವಿಮೆ, ಆಮೇಲೆ ಟ್ಯಾಕ್ಸ್ ಅಂತ ಕಟ್ಟಿಸಿಕೊಳ್ಳುತ್ತಲೇ ಹೋಗುತ್ತಾರೆ. ನೀವು ಅರ್ಜಿಯನ್ನೇ ಹಾಕದ ಸಾಲ ಮಂಜೂರಾಗುವುದು ಹೇಗೆ, ಅಲ್ವಾ? ಆಗಲೇ ಕಟ್ಟಿದ್ದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಆ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ತಡೆಯಲು ಸಾಧ್ಯ. ಒಂದು ರಾತ್ರಿ ಕಳೆದರೆ ಕಷ್ಟ.

## ಸಬ್ಸಿಡಿ, ಕೊಟೇಶನ್

ಪಿಎಂಇಜಿಪಿ ಸಬ್ಸಿಡಿಯಲ್ಲಿ ಅರ್ಧ ನಮಗೆ ಕೊಡಿ, ಮಿಕ್ಕಿದ್ದು ನಾವು ನೋಡ್ಕೋತೀವಿ ಅಂತಾರೆ. ಸಬ್ಸಿಡಿ ಕೈಗೆ ಬರುತ್ತಾ?

ಕೈಗೆ ಬರುವುದಿಲ್ಲ. ಇದೊಂದು ಗೊತ್ತಿದ್ದರೆ ಅರ್ಧ ಮೋಸ ತಪ್ಪುತ್ತದೆ.

ಪಿಎಂಇಜಿಪಿ ಅಂದರೆ ಹೊಸ ಘಟಕ ಹಾಕುವವರಿಗೆ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ. ಅದರಲ್ಲಿ ಹಳ್ಳಿಯ ಮಹಿಳೆಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಹಿಂದುಳಿದ ವರ್ಗದವರಿಗೆ 35% ಸಬ್ಸಿಡಿ. ಅವರೇ ಪಟ್ಟಣದಲ್ಲಿದ್ದರೆ 25%. ಸಾಮಾನ್ಯ ವರ್ಗಕ್ಕೆ ಹಳ್ಳಿಯಲ್ಲಿ 25%, ಪಟ್ಟಣದಲ್ಲಿ 15%. ಹಳ್ಳಿಯ ಹೆಣ್ಣುಮಗಳೊಬ್ಬಳು 10 ಲಕ್ಷದ ಘಟಕ ಹಾಕಿದರೆ ತಾನು ಹಾಕಬೇಕಾದ್ದು 50,000. ಸಬ್ಸಿಡಿ ಮೂರೂವರೆ ಲಕ್ಷ. ಈ ಮೂರೂವರೆ ಲಕ್ಷ ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಅದಕ್ಕೆ ಬಡ್ಡಿ ಇಲ್ಲ. ಅಷ್ಟು ಸಾಲದ ಮೇಲೂ ಬ್ಯಾಂಕು ಬಡ್ಡಿ ಹಾಕುವುದಿಲ್ಲ. ಮೂರು ವರ್ಷ ಆದ ಮೇಲೆ ಘಟಕ ನಡೆಯುತ್ತಿದೆಯಾ ಅಂತ ಬಂದು ನೋಡಿ, ಆಮೇಲೆ ಸಾಲಕ್ಕೆ ಜಮಾ ಮಾಡುತ್ತಾರೆ.

ಅಂದಮೇಲೆ ಏಜೆಂಟ್ ಇವತ್ತು ಕೇಳುವ "ಅರ್ಧ" ಎಲ್ಲಿಂದ ಬರಬೇಕು? ನಿಮ್ಮ ಸಾಲದಿಂದ. ಅಂದರೆ ಬಡ್ಡಿಗೆ ತಂದ ದುಡ್ಡಿನಿಂದ. ದುಡಿಮೆಗೆ ಬೇಕಾದ ಬಂಡವಾಳ ಮೊದಲ ದಿನವೇ ಒಂದೂಮುಕ್ಕಾಲು ಲಕ್ಷ ಕಡಿಮೆ. ಎರಡನೇ ವರ್ಷಕ್ಕೆ ಘಟಕ ಮುಚ್ಚಿದರೆ ಆ ಸಬ್ಸಿಡಿಯೂ ವಾಪಸ್ ಹೋಗುತ್ತದೆ. ಏಜೆಂಟ್ ತಿಂದದ್ದು ಮಾತ್ರ ವಾಪಸ್ ಬರುವುದಿಲ್ಲ.

ಮಹಿಳೆಯರಿಗೆ ಅಂತ ಇರುವ ನಮ್ಮ ರಾಜ್ಯದ ಉದ್ಯೋಗಿನಿ ಸಾಲ ಯೋಜನೆಯಲ್ಲೂ ಇದೇ ಥರದ ಪಾಲುಗಾರರು ಓಡಾಡುತ್ತಾರೆ. ಅಲ್ಲೂ ಸಬ್ಸಿಡಿ ಇರುವುದು ಫಲಾನುಭವಿಗೆ, ಮಧ್ಯದಲ್ಲಿ ನಿಂತವರಿಗಲ್ಲ.

ಕೊಟೇಶನ್ನಲ್ಲಿ ರೇಟ್ ಜಾಸ್ತಿ ಹಾಕಿಸಿ, ಮಿಕ್ಕ ದುಡ್ಡು ಕ್ಯಾಶಲ್ಲಿ ವಾಪಸ್ ಕೊಡ್ತೀವಿ ಅಂತಾರೆ. ಎಲ್ಲರೂ ಮಾಡ್ತಾರಲ್ಲ, ತಪ್ಪೇನು?

ನನ್ನ ಅನುಭವದಲ್ಲಿ ಎಲ್ಲ ತೊಂದರೆಯೂ ಶುರುವಾಗುವುದು ಇಲ್ಲಿ. ಲಂಚ ಕೇಳಿದಾಗ ಅಲ್ಲ. ಅದಕ್ಕೂ ಮೊದಲು, ಕಾಗದದಲ್ಲಿ ಒಂದು ಸುಳ್ಳು ಬರೆಸಿಕೊಂಡಾಗ.

ಒಮ್ಮೆ ಒಂದೇ ವಾರದಲ್ಲಿ ನನ್ನ ಟೇಬಲ್‌ಗೆ ಮೂರು ಅರ್ಜಿ ಬಂದವು. ಮೂರೂ ರೊಟ್ಟಿ ಮೆಷಿನ್‌ಗೆ. ಮೂರೂ ಬೇರೆ ಬೇರೆ ಹಳ್ಳಿ. ಕೊಟೇಶನ್ ನಂಬರ್ ಮಾತ್ರ 41, 42, 43. ಮೂರರಲ್ಲೂ ಒಂದೇ ಪದದ ಸ್ಪೆಲಿಂಗ್ ಒಂದೇ ಥರ ತಪ್ಪು. ಬೆಲೆ 2,40,000. ನಾನು ಆ ಅಂಗಡಿಗೆ ಗಿರಾಕಿಯ ಹಾಗೆ ಫೋನ್ ಮಾಡಿದೆ. "1,55,000ಕ್ಕೆ ಮನೆ ಬಾಗಿಲಿಗೇ ತಂದು ಇಳಿಸ್ತೀವಿ" ಅಂದರು.

ಮೂವರಲ್ಲಿ ಒಬ್ಬಾಕೆಯನ್ನು ಕರೆಸಿದೆ. ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಸುತ್ತಿಕೊಂಡು ಬಂದರು. ಬೆರಳ ತುದಿಯಲ್ಲಿ ಇನ್ನೂ ಜೋಳದ ಹಿಟ್ಟಿತ್ತು. "ಅಕ್ಕಾರ, ಇದರಾಗ ರೇಟ್ ಎಷ್ಟ್ ಬರ್ದಾರ ಗೊತ್ತೈತೇನ್ರಿ?" ಅಂದೆ. "ಗೊತ್ತಿಲ್ರೀ ಸಾಹೇಬ್ರ, ಅವ್ರ ಬರ್ದ್ ಕೊಟ್ಟಾರ್ರಿ. ನಾ ಸಹಿ ಹಾಕೀನ್ರಿ" ಅಂದರು. ಅವರ ಮೂರು ಖಾಲಿ ಚೆಕ್ಕೂ ಏಜೆಂಟ್ ಹತ್ತಿರ ಇದ್ದವು. ಕೈಗೆ 20,000 ಬರುತ್ತದೆ ಅಂತ ಹೇಳಿದ್ದರಂತೆ.

ಲೆಕ್ಕ ಹಾಕಿ ನೋಡಿ. ಬೆಲೆಗಿಂತ ಮೇಲೆ ಬರೆದದ್ದು 85,000. ಆಕೆಗೆ 20,000. ಮಿಕ್ಕ 65,000 ಅಂಗಡಿ, ಏಜೆಂಟ್, ಒಳಗೆ ಯಾರಿದ್ದರೋ ಅವರಿಗೆ. ಕಂತು ಕಟ್ಟಬೇಕಾದ್ದು ಮಾತ್ರ ಪೂರ್ತಿ 2,40,000ಕ್ಕೆ, ಬಡ್ಡಿ ಸಮೇತ, ಆಕೆಯೊಬ್ಬರೇ.

ನಾಳೆ ತನಿಖೆ ಬಂದರೆ ಕೊಟೇಶನ್ ಮೇಲೆ ಇರುವ ಸಹಿ ಯಾರದು? ಸುಳ್ಳು ದಾಖಲೆ ಕೊಟ್ಟು ಬ್ಯಾಂಕಿಗೆ ಮೋಸ ಮಾಡಿದ ಆರೋಪ ನಿಮ್ಮ ಮೇಲೂ ಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 318(4)ರಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆಮೇಲೆ ಯಾರಾದರೂ ಲಂಚ ಕೇಳಿದರೆ ದೂರು ಕೊಡಲು ನಿಮಗೆ ಬಾಯಿ ಇರುವುದಿಲ್ಲ. ನಿಮ್ಮ ಗುಟ್ಟು ಅವರ ಕೈಯಲ್ಲಿರುತ್ತದೆ. ಅದಕ್ಕೇ ಅವರು ಮೊದಲು ಸುಳ್ಳು ಕೊಟೇಶನ್ ಬರೆಸುತ್ತಾರೆ, ಆಮೇಲೆ ದುಡ್ಡು ಕೇಳುತ್ತಾರೆ.

ಆಕೆ ಚೆಕ್ ವಾಪಸ್ ತೆಗೆದುಕೊಂಡು, 1,55,000ದ ಹೊಸ ಕೊಟೇಶನ್ ತಂದರು. ಸಾಲ ಮಂಜೂರಾಯಿತು. ಉಳಿದ ಇಬ್ಬರು ತಿರುಗಿ ಬರಲಿಲ್ಲ. ಅವರನ್ನು ನಾನೇ ಹುಡುಕಿಕೊಂಡು ಹೋಗಬೇಕಿತ್ತು ಅಂತ ಇವತ್ತಿಗೂ ಅನಿಸುತ್ತದೆ.

ಅಂಗಡಿಗೆ ಅಂತ ತಗೊಂಡ ಲೋನಲ್ಲಿ ಸ್ವಲ್ಪ ಮಗಳ ಮದುವೆಗೆ ಬಳಸಿದ್ರೆ ಫ್ರಾಡ್ ಆಗುತ್ತಾ?

ಸಾಲ ತೆಗೆದುಕೊಂಡ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸುವುದು ಕರಾರು ಮುರಿದ ಹಾಗೆ. ಬ್ಯಾಂಕು ಪೂರ್ತಿ ಸಾಲವನ್ನು ಒಟ್ಟಿಗೇ ವಾಪಸ್ ಕೇಳಬಹುದು. ಸುಳ್ಳು ಬಿಲ್ ಕೊಟ್ಟು ಅದನ್ನು ಮುಚ್ಚಿದರೆ ವಿಷಯ ಕ್ರಿಮಿನಲ್ ಕೇಸಿಗೆ ತಿರುಗಬಹುದು. ಮದುವೆಗೆ ಬೇಕಾದರೆ ಮದುವೆಗೇ ಅಂತ ಸಾಲ ಕೇಳಿ, ಬಡ್ಡಿ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

## ದುಡ್ಡು ಕೇಳಿದಾಗ

ಯಾರೂ ಬಾಯಿಬಿಟ್ಟು ಕೇಳಲ್ಲ. "ನಾಳೆ ಬನ್ನಿ" ಅಂತ ಮೂರು ತಿಂಗಳಿಂದ ಅಲೆಸ್ತಿದ್ದಾರೆ. ಏನು ಮಾಡ್ಲಿ?

ಬಾಯಿ ಮಾತನ್ನು ಕಾಗದಕ್ಕೆ ತನ್ನಿ. ಅರ್ಜಿ ಕೊಟ್ಟ ದಿನವೇ ತಾರೀಕು ಇರುವ ಸ್ವೀಕೃತಿ ತೆಗೆದುಕೊಳ್ಳಿ. ಕೊಡದಿದ್ದರೆ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಸಾಲ ಸಿಗುವುದು ನಿಮ್ಮ ಹಕ್ಕಲ್ಲ. ಆದರೆ ಯಾಕೆ ಕೊಡಲಿಲ್ಲ ಅನ್ನುವ ಕಾರಣ ಬರವಣಿಗೆಯಲ್ಲಿ ಸಿಗುವುದು ನಿಮ್ಮ ಹಕ್ಕು.

ಬ್ಯಾಂಕಿಗೆ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ಖರ್ಚಿಲ್ಲ, ವಕೀಲರೂ ಬೇಡ. ಆರ್‌ಬಿಐನ 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಸಾಲ ಕೊಡಲೇಬೇಕು ಅಂತ ಒಂಬುಡ್ಸ್‌ಮನ್ ಹೇಳುವುದಿಲ್ಲ. ಅರ್ಜಿಯನ್ನು ಸುಮ್ನೆ ಇಟ್ಟುಕೊಂಡಿದ್ದು, ಕಾರಣ ಕೊಡದೆ ಇದ್ದದ್ದು ಅವರ ವ್ಯಾಪ್ತಿಗೆ ಬರುತ್ತದೆ.

ಸರ್ಕಾರಿ ಬ್ಯಾಂಕಾದರೆ ಮಾಹಿತಿ ಹಕ್ಕಿನ ಅರ್ಜಿಯೂ ಇದೆ. 10 ರೂಪಾಯಿ ಫೀಸ್. "ನನ್ನ ಅರ್ಜಿ ಯಾವ ದಿನ ಯಾರ ಟೇಬಲ್‌ನಲ್ಲಿತ್ತು, ಯಾರು ಏನು ಷರಾ ಬರೆದರು" ಅಂತ ಕೇಳಿ. ಈ ಒಂದು ಪ್ರಶ್ನೆ ಬ್ಯಾಂಕಿಗೆ ತಲುಪಿದ ವಾರದಲ್ಲೇ ಫೈಲ್ ಅಲುಗಾಡಿದ್ದನ್ನು ನಾನು ಒಳಗೆ ಕೂತು ನೋಡಿದ್ದೇನೆ.

ನೇರವಾಗಿ ಲಂಚ ಕೇಳಿದ್ರೆ ದೂರು ಎಲ್ಲಿ ಕೊಡ್ಬೇಕು? ಲೋಕಾಯುಕ್ತಕ್ಕಾ, ಸಿಬಿಐಗಾ?

ಕೇಳಿದವರು ಯಾರು ಅನ್ನುವುದರ ಮೇಲೆ ಹೋಗುತ್ತದೆ. ಜಿಲ್ಲಾ ಕೈಗಾರಿಕಾ ಕೇಂದ್ರ, ಖಾದಿ ಮಂಡಳಿ, ರಾಜ್ಯದ ಅಭಿವೃದ್ಧಿ ನಿಗಮಗಳ ಸಿಬ್ಬಂದಿಯಾದರೆ ಲೋಕಾಯುಕ್ತ ಪೊಲೀಸರು. ಮಧ್ಯೆ ಕೆಲವು ವರ್ಷ ಎಸಿಬಿ, ಅಂದರೆ ರಾಜ್ಯದ ಭ್ರಷ್ಟಾಚಾರ ನಿಗ್ರಹ ದಳ, ಇತ್ತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿದ ಮೇಲೆ ಆ ಕೆಲಸ ಲೋಕಾಯುಕ್ತಕ್ಕೇ ಮರಳಿದೆ. ಜಿಲ್ಲೆಗಳಲ್ಲೂ ಅವರ ಠಾಣೆಗಳಿವೆ.

ರಾಷ್ಟ್ರೀಕೃತ ಬ್ಯಾಂಕಾದರೆ ಸಿಬಿಐನ ಭ್ರಷ್ಟಾಚಾರ ನಿಗ್ರಹ ಶಾಖೆ. ಬೆಂಗಳೂರಿನ ಗಂಗಾನಗರದಲ್ಲಿ, ಬಳ್ಳಾರಿ ರಸ್ತೆಯಲ್ಲಿ ಇದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದಲ್ಲಿ ತನಿಖೆ ಮಾಡಲು ರಾಜ್ಯ ಸರ್ಕಾರ ಸಿಬಿಐಗೆ ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆ ಹಿಂದಕ್ಕೆ ಪಡೆದಿದೆ. ಅದನ್ನು ನೋಡಿಕೊಳ್ಳುವುದು ಸಿಬಿಐನವರ ಕೆಲಸ. ನೀವು ದೂರು ಕೊಡಲು ಅದೇನೂ ಅಡ್ಡಿಯಲ್ಲ.

ಜೊತೆಗೆ ಬ್ಯಾಂಕಿನ ಮುಖ್ಯ ಜಾಗೃತಾಧಿಕಾರಿಗೆ ಅಥವಾ ಕೇಂದ್ರ ಜಾಗೃತ ಆಯೋಗಕ್ಕೆ ಬರೆಯಬಹುದು. ಹೆಸರಿಲ್ಲದ ಪತ್ರವನ್ನು ಆಯೋಗ ಪಕ್ಕಕ್ಕೆ ಇಡುತ್ತದೆ. ಹೆಸರು ಗುಟ್ಟಾಗಿರಬೇಕಾದರೆ ಪಿಐಡಿಪಿಐ ಅನ್ನುವ ವ್ಯವಸ್ಥೆಯಲ್ಲಿ ಮುಚ್ಚಿದ ಲಕೋಟೆಯಲ್ಲಿ ಕಳಿಸಬೇಕು.

ನಮ್ಮದು ಪ್ರೈವೇಟ್ ಬ್ಯಾಂಕ್. ಅವರು ಸರ್ಕಾರಿ ನೌಕರರಲ್ಲವಲ್ಲ, ಲಂಚದ ಕೇಸ್ ನಿಲ್ಲುತ್ತಾ?

ನಿಲ್ಲುತ್ತದೆ. ಖಾಸಗಿ ಬ್ಯಾಂಕಿನ ಅಧಿಕಾರಿಗಳೂ ಭ್ರಷ್ಟಾಚಾರ ತಡೆ ಕಾಯ್ದೆಯ ಲೆಕ್ಕದಲ್ಲಿ ಸಾರ್ವಜನಿಕ ಸೇವಕರೇ ಅಂತ 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗ್ಲೋಬಲ್ ಟ್ರಸ್ಟ್ ಬ್ಯಾಂಕಿನ ಪ್ರಕರಣ ಅದು. "ಕೊಡಿಸ್ತೀನಿ" ಅಂತ ದುಡ್ಡು ತೆಗೆದುಕೊಳ್ಳುವ ಹೊರಗಿನ ಏಜೆಂಟ್‌ಗೂ ಅದೇ ಕಾಯ್ದೆಯ 7ಎ ಕಲಂನಲ್ಲಿ ಮೂರರಿಂದ ಏಳು ವರ್ಷ ಶಿಕ್ಷೆ ಇದೆ.

ಬೇರೆ ದಾರಿ ಇಲ್ಲದೆ ಹದಿನೈದು ಸಾವಿರ ಕೊಟ್ಟುಬಿಟ್ಟೆ. ಈಗ ನಾನೂ ಅಪರಾಧಿನಾ?

ಕೊಟ್ಟು ಎಷ್ಟು ದಿನ ಆಯಿತು? ಇದನ್ನೇ ಮೊದಲು ಕೇಳುತ್ತೇನೆ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಆದರೆ ಒತ್ತಾಯಕ್ಕೆ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವರ ಮೇಲೆ ಕೇಸ್ ಬರುವುದಿಲ್ಲ. ಏಳನೇ ದಿನದವರೆಗೆ ಕಾಯಬೇಡಿ. ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಏಳು ದಿನ ದಾಟಿದ್ದರೆ ಠಾಣೆಗೆ ಹೋಗುವ ಮೊದಲು ಒಬ್ಬ ಕ್ರಿಮಿನಲ್ ವಕೀಲರ ಜೊತೆ ಕೂತು ಮಾತಾಡಿ.

ಟ್ರ್ಯಾಪ್ ಅಂದ್ರೆ ಏನೇನು ಮಾಡ್ತಾರೆ? ನನ್ನ ದುಡ್ಡು ಹೋಗುತ್ತಾ?

ಲಂಚ ತೆಗೆದುಕೊಳ್ಳುವಾಗಲೇ ಹಿಡಿಯುವುದಕ್ಕೆ ಟ್ರ್ಯಾಪ್ ಅಂತಾರೆ. ದೂರು ಕೊಟ್ಟ ಮೇಲೆ ಪೊಲೀಸರು ಮೊದಲು ಮಾತು ನಿಜವಾ ಅಂತ ಪರಿಶೀಲಿಸುತ್ತಾರೆ. ಹೆಚ್ಚಾಗಿ ನಿಮ್ಮ ಮತ್ತು ಆ ಅಧಿಕಾರಿಯ ಸಂಭಾಷಣೆ ರೆಕಾರ್ಡ್ ಆಗುತ್ತದೆ. ಟ್ರ್ಯಾಪ್ ದಿನ ಇಬ್ಬರು ಪಂಚರು, ಅಂದರೆ ಸಾಕ್ಷಿಗಳು, ಇರುತ್ತಾರೆ. ನೀವು ತಂದ ನೋಟುಗಳ ನಂಬರ್ ಬರೆದುಕೊಂಡು ಅವಕ್ಕೆ ಫಿನಾಲ್ಫ್ತಲೀನ್ ಪುಡಿ ಸವರುತ್ತಾರೆ. ಬಿಳಿ ಪುಡಿ, ನೋಟಿನ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಅಧಿಕಾರಿ ಕೇಳಿ ತೆಗೆದುಕೊಂಡ ಮೇಲೆ ಪೊಲೀಸರು ಮೊದಲೇ ಹೇಳಿಕೊಟ್ಟ ಸನ್ನೆಯನ್ನು ನೀವು ಮಾಡುತ್ತೀರಿ. ಅವರು ಒಳಗೆ ಬಂದು ಅಧಿಕಾರಿಯ ಬೆರಳನ್ನು ಸೋಡಿಯಂ ಕಾರ್ಬೊನೇಟ್ ನೀರಲ್ಲಿ ಅದ್ದಿಸುತ್ತಾರೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಬಾಟಲಿಗೆ ತುಂಬಿ ಸೀಲ್ ಮಾಡಿ ಲ್ಯಾಬಿಗೆ ಕಳಿಸುತ್ತಾರೆ.

ನೆನಪಿಡಿ: ಅವರು ಬಾಯಿಬಿಟ್ಟು ಕೇಳಬೇಕು. ನೀವೇ ಜೇಬಿಗೆ ತುರುಕಿದರೆ ಕೇಸ್ ಬಿದ್ದುಹೋಗುತ್ತದೆ. ನೋಟುಗಳನ್ನು ಸಾಕ್ಷ್ಯ ಅಂತ ಜಪ್ತಿ ಮಾಡುತ್ತಾರೆ. ಆ ಮೊತ್ತ ವಾಪಸ್ ಪಡೆಯುವ ವ್ಯವಸ್ಥೆ ಇದೆ. ದೂರು ಕೊಡುವ ದಿನವೇ ಕೇಳಿಕೊಳ್ಳಿ.

ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದೀನಿ. ಅದು ಕೋರ್ಟಲ್ಲಿ ನಡೆಯುತ್ತಾ?

ಉಪಯೋಗಕ್ಕೆ ಬರುತ್ತದೆ. ರೆಕಾರ್ಡ್ ಆದ ಫೋನನ್ನೇ ಜೋಪಾನ ಮಾಡಿ. ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನಲ್ಲಿ ಒಂದು ಪ್ರಮಾಣಪತ್ರ ಬೇಕಾಗುತ್ತದೆ. ಆಡಿಯೋ ಕತ್ತರಿಸಿ ಗ್ರೂಪುಗಳಿಗೆ ಹಾಕಿದರೆ ಅದರ ಬೆಲೆ ಹೋಗುತ್ತದೆ. ಆ ಅಧಿಕಾರಿಯೂ ಎಚ್ಚರವಾಗುತ್ತಾನೆ.

## ಹೆಸರು ಒಬ್ಬರದು, ಸಾಲ ಇನ್ನೊಬ್ಬರದು

ನಾನು ತಗೊಳ್ಳದ ಸಾಲ ನನ್ನ ಸಿಬಿಲ್‌ನಲ್ಲಿ ತೋರಿಸ್ತಿದೆ. ಹೇಗಾಯ್ತು?

ಆಧಾರ್, ಪ್ಯಾನ್ ಜೆರಾಕ್ಸ್ ಮತ್ತು ಒಂದು ಖಾಲಿ ಸಹಿ ಇದ್ದರೆ, ಒಳಗೆ ಒಬ್ಬರ ಕೈ ಸೇರಿದರೆ, ಇದು ಆಗುತ್ತದೆ. ದೊಡ್ಡ ಮಟ್ಟದಲ್ಲೂ ಆಗಿದೆ. 2019ರಲ್ಲಿ ಮುಂಬೈನ ಪಿಎಂಸಿ ಸಹಕಾರ ಬ್ಯಾಂಕ್ ಮುಗ್ಗರಿಸಿದಾಗ ಒಂದು ರಿಯಲ್ ಎಸ್ಟೇಟ್ ಗುಂಪಿನ ಸಾಲ ಮುಚ್ಚಿಡಲು 21,000ಕ್ಕೂ ಜಾಸ್ತಿ ನಕಲಿ ಖಾತೆ ಮಾಡಿದ್ದು ಹೊರಬಿತ್ತು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹಾಕಿತು. ಠೇವಣಿದಾರರು 35,000ಕ್ಕಿಂತ ಜಾಸ್ತಿ ತೆಗೆಯುವ ಹಾಗಿರಲಿಲ್ಲ. ಅಲ್ಲೂ ನಕಲಿ ಸಾಲ ಖಾತೆಗಳ ಆರೋಪವೇ. ಪೆನ್ಷನ್ ದುಡ್ಡು ಇಟ್ಟಿದ್ದ ಹಿರಿಯರು ಬಸವನಗುಡಿಯಲ್ಲಿ ಕಣ್ಣೀರು ಹಾಕಿದ್ದನ್ನು ಮರೆಯಲಾಗುವುದಿಲ್ಲ.

ನೀವು ಮಾಡಬೇಕಾದ್ದು: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ನಮ್ಮ ಸಾಲಗಳ ಲೆಕ್ಕ ಇಡುವ ಈ ನಾಲ್ಕೂ ಕಂಪನಿಗಳಲ್ಲಿ ವರ್ಷಕ್ಕೊಂದು ಪೂರ್ತಿ ವರದಿ ಉಚಿತ. ತೆಗೆಸಿ. ನಿಮ್ಮದಲ್ಲದ ಸಾಲದ ಬಗ್ಗೆ ಆ ಕಂಪನಿಗೂ ಬ್ಯಾಂಕಿಗೂ ಬರೆಯಿರಿ. ಸಾಲದ ಅರ್ಜಿ, ಫೋಟೋ, ಸಹಿ, ಹಣ ಹೋದ ಖಾತೆಯ ವಿವರ ಕೇಳಿ. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಅಂತ ನಿಯಮವಿದೆ. ಪೊಲೀಸ್ ದೂರನ್ನೂ ಕೊಡಿ. ಇನ್ನು ಮುಂದೆ ಜೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡವಾಗಿ ಯಾವ ಕೆಲಸಕ್ಕೆ, ಯಾವ ತಾರೀಕು ಅಂತ ಬರೆದು ಸಹಿ ಹಾಕಿ.

ಅಣ್ಣನ ಗೆಳೆಯನಿಗೆ ಶೂರಿಟಿ ಹಾಕಿದ್ದೆ. ಅವನು ಸುಳ್ಳು ಬಿಲ್ ಕೊಟ್ಟಿದ್ದಾನಂತೆ. ನಾನು ಬಚಾವಾ?

ಸಾಲದ ಮಟ್ಟಿಗೆ ಬಚಾವಾಗುವುದು ಕಷ್ಟ. ಶೂರಿಟಿಯ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಬ್ಯಾಂಕು ಮೊದಲು ನಿಮ್ಮನ್ನೇ ಹಿಡಿಯಬಹುದು. ಸುಳ್ಳು ಬಿಲ್ಲಿನ ವಿಷಯ ನಿಮಗೆ ಗೊತ್ತಿರಲಿಲ್ಲ ಅಂದರೆ ಮೋಸದ ಕೇಸಿನಲ್ಲಿ ಅದು ನಿಮ್ಮ ಪರವಾಗಿ ನಿಲ್ಲುತ್ತದೆ. ಗೊತ್ತಾದ ತಕ್ಷಣ ಬ್ಯಾಂಕಿಗೆ ಬರೆದು ತಿಳಿಸಿ.

ಬ್ಯಾಂಕಿನವರು ನಮ್ಮ ಖಾತೆ "ಫ್ರಾಡ್" ಅಂತ ನೋಟಿಸ್ ಕಳಿಸಿದ್ದಾರೆ. ವ್ಯಾಪಾರ ಸೋತಿದ್ದು ಅಷ್ಟೇ. ಏನು ಮಾಡೋದು?

ವ್ಯಾಪಾರದಲ್ಲಿ ಸೋಲುವುದು ಮೋಸ ಅಲ್ಲ. ಇದನ್ನು ನೀವೇ ದಾಖಲೆ ಇಟ್ಟು ಹೇಳಬೇಕು, ಅದೂ ಟೈಮಿಗೆ ಸರಿಯಾಗಿ. ಮಾತು ಕೇಳದೆ ಯಾರ ಖಾತೆಗೂ ಫ್ರಾಡ್ ಹಣೆಪಟ್ಟಿ ಹಚ್ಚಬಾರದು ಅಂತ 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದರಂತೆ ಆರ್‌ಬಿಐ 2024ರ ಜುಲೈನಲ್ಲಿ ನಿಯಮ ತಂದಿದೆ. ಬ್ಯಾಂಕು ಕಾರಣ ಕೇಳುವ ನೋಟಿಸ್ ಕೊಡಬೇಕು. ಉತ್ತರಕ್ಕೆ ಕನಿಷ್ಠ 21 ದಿನ ಕೊಡಬೇಕು. ಆಮೇಲೆ ಕಾರಣ ಬರೆದ ಆದೇಶ ಕೊಡಬೇಕು.

ಆ 21 ದಿನ ಚಿನ್ನ. ಹಣೆಪಟ್ಟಿ ಬಿದ್ದರೆ ಸಾಲ ಪೂರ್ತಿ ತೀರಿಸಿದ ಮೇಲೂ ಐದು ವರ್ಷ ಯಾವ ಬ್ಯಾಂಕೂ ಹತ್ತಿರ ಸೇರಿಸುವುದಿಲ್ಲ. ಖರೀದಿ ಬಿಲ್, ಜಿಎಸ್‌ಟಿ ರಿಟರ್ನ್, ಬಾಕಿ ಉಳಿಸಿಕೊಂಡ ಗಿರಾಕಿಗಳ ಪಟ್ಟಿ, ಬಾಡಿಗೆ ಕರಾರು, ಕೆಟ್ಟುಹೋದ ಮೆಷಿನ್ನಿನ ರಿಪೇರಿ ಚೀಟಿ, ಸಿಕ್ಕಿದ್ದೆಲ್ಲ ತಾರೀಕಿನ ಪ್ರಕಾರ ಜೋಡಿಸಿ. ಬ್ಯಾಂಕು ಯಾವ ಆಡಿಟ್ ವರದಿ ನೋಡಿ ಅನುಮಾನ ಪಟ್ಟಿತೋ ಅದರ ಪ್ರತಿ ಕೇಳಿ. ಬಂದ ನೋಟಿಸಿನ ಲಕೋಟೆಯನ್ನೂ ಬಿಸಾಡಬೇಡಿ. ನಿಮ್ಮ ಕೈಗೆ ಯಾವ ದಿನ ತಲುಪಿತು ಅನ್ನುವುದಕ್ಕೆ ಅದರ ಮೇಲಿನ ಅಂಚೆ ಮುದ್ರೆಯೇ ಸಾಕ್ಷಿ.